ತೋರಿಕೆಯ ಮದುವೆಗಳ ಸಂಕಟ

ಸಂಪಾದಕರೇ,

ಚೀನಾ 1997ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2001ರಲ್ಲಿ ಮನೋರೋಗಗಳ ಪಟ್ಟಿಯಿಂದಲೂ ಕೈಬಿಟ್ಟಿತು. ಆದರೂ ಅಲ್ಲಿನ ಸಲಿಂಗಿಗಳ ಬದುಕು ಹಗುರವಾಗಿಲ್ಲ. ವಂಶ ಮುಂದುವರಿಯಬೇಕೆಂಬ ಹೆತ್ತವರ ಹಟಕ್ಕೆ ಮಣಿದು ಸಲಿಂಗಿ ಯುವಕ, ಯುವತಿ ಪರಸ್ಪರ ತೋರಿಕೆಗೆ ಮದುವೆಯಾಗುವುದೂ ಉಂಟು. ಅದಕ್ಕೆ ‘ಷಿಂಗ್‌ಹುನ್’ ಎಂಬ ಹೆಸರೇ ಇದೆ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ದಂಪತಿಯಂತೆ ನಟಿಸಬೇಕಾದ ಆ ಜೀವಗಳನ್ನು ನೆನೆದರೆ ಕರುಳು ಚುರುಕ್ ಎನ್ನುತ್ತದೆ. ತಮ್ಮ ಸಲಿಂಗ ಸಂಗಾತಿ ಆಸ್ಪತ್ರೆ ಸೇರಿದರೆ ನಿರ್ಧಾರ ಕೈಗೊಳ್ಳುವ ಹಕ್ಕು ಸಿಗಲೆಂದು ಕೆಲವರು, 2017ರಿಂದ ಜಾರಿಯಲ್ಲಿರುವ ಪಾಲಕತ್ವ ಒಪ್ಪಂದದ (ತನ್ನ ಪರವಾಗಿ ನಿರ್ಧರಿಸುವವರನ್ನು ವಯಸ್ಕರು ಮೊದಲೇ ಗೊತ್ತುಪಡಿಸುವ ಕರಾರು) ನಿಯಮವನ್ನು ಆಶ್ರಯಿಸಿದ್ದಾರೆ. ಮದುವೆಗೆ ಅದು ಸಾಟಿಯಲ್ಲ. ಲೈಂಗಿಕ ಅಲ್ಪಸಂಖ್ಯಾತರ ನೆರವಿಗಿದ್ದ ಬೀಜಿಂಗ್ ಎಲ್‌ಜಿಬಿಟಿ ಕೇಂದ್ರವೂ 2023ರಲ್ಲಿ ಮುಚ್ಚಿತು. ಅಲ್ಲಿನ ಸರ್ಕಾರ ಇಂಥ ಕೇಂದ್ರಗಳನ್ನು ನಿರಾತಂಕವಾಗಿ ನಡೆಯಲು ಬಿಡಲಿ, ಸಲಿಂಗ ಜೋಡಿಗಳಿಗೆ ಕಾನೂನಿನ ಮಾನ್ಯತೆ ಕೊಡಲಿ.

— ಓದುಗ, ಧಾರವಾಡ