ಇಮ್ಯುನಾಲಜಿ ಪ್ರಯೋಗಾಲಯದ ತಂತ್ರಜ್ಞರ ಕೆಲಸದ ಕುರಿತು

ಗುಂಪಿನ ಸದಸ್ಯರ ಗಮನಕ್ಕೆ,

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಬಿ.ಎಸ್ಸಿ. ಮುಗಿಸಿದ ಕೆಲವರು ವಿಶ್ವವಿದ್ಯಾಲಯದ ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ಅಧ್ಯಯನ) ಪ್ರಯೋಗಾಲಯದ ತಂತ್ರಜ್ಞರ ಕೆಲಸ ಹೇಗಿರುತ್ತದೆಂದು ಕೇಳಿರುವುದರಿಂದ, ಅದೇ ಕೆಲಸದಲ್ಲಿರುವ ನಾನು ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ದಿನದ ಹೆಚ್ಚಿನ ಹೊತ್ತು ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸುವುದರಲ್ಲೇ ಕಳೆಯುತ್ತದೆ. ಕಣಗಳನ್ನು ಸಾಂದ್ರತೆಗೆ ತಕ್ಕಂತೆ ಬೇರ್ಪಡಿಸಲು ಬಳಸುವ, ಮಿಲಿಲೀಟರಿಗೆ 1.077 ಗ್ರಾಂ ಸಾಂದ್ರತೆಯ ಫೈಕಾಲ್ ದ್ರಾವಣದ ಮೇಲೆ ತೆಳುಗೊಳಿಸಿದ ರಕ್ತವನ್ನು, ಎರಡೂ ಬೆರೆಯದಂತೆ, ಕೊಳವೆಯ ಬದಿಯಿಂದ ನಿಧಾನವಾಗಿ ಇಳಿಸಿ ಸೆಂಟ್ರಿಫ್ಯೂಜ್ ಎಂಬ, ಕೊಳವೆಗಳನ್ನು ವೇಗವಾಗಿ ಸುತ್ತಿಸುವ ಯಂತ್ರದಲ್ಲಿ ತಿರುಗಿಸಿದಾಗ, ಕೆಂಪು ಕಣಗಳು ತಳ ಸೇರಿ, ನಮಗೆ ಬೇಕಾದವು ನಡುವೆ ಹಾಲಿನ ಕೆನೆಯಂಥ ತೆಳು ಪದರವಾಗಿ ನಿಲ್ಲುತ್ತವೆ. ಯಂತ್ರದ ಬ್ರೇಕನ್ನು ಮೊದಲೇ ಆಫ್ ಮಾಡಿರಬೇಕು. ಸೇರಿದ ಹೊಸತರಲ್ಲಿ ಅದನ್ನು ಮರೆತು ನಾಲ್ಕು ಕೊಳವೆಗಳ ಪದರವನ್ನು ನಾನೇ ಕಲಕಿಬಿಟ್ಟಿದ್ದೆ. ರಕ್ತ ಕೊಟ್ಟವರನ್ನು ಅಂದೇ ಮತ್ತೆ ಕರೆಯುವಂತಿರಲಿಲ್ಲ.

ಬೇರ್ಪಡಿಸಿದ ಕಣಗಳನ್ನು ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ ದ್ರವ ಸಾರಜನಕದ ಟ್ಯಾಂಕಿಗೆ ಸೇರಿಸುತ್ತೇವೆ. ಹೊರತೆಗೆಯುವಾಗ ಮಾತ್ರ 37 ಡಿಗ್ರಿಯ ನೀರಿನಲ್ಲಿ ಬೇಗನೆ ಕರಗಿಸಬೇಕು. ಪ್ರತಿ ಸೀಸೆಯ ಸ್ಥಾನವನ್ನೂ ದಿನಾಂಕವನ್ನೂ ಪುಸ್ತಕದಲ್ಲಿ ಬರೆಯುವುದು ಬೇಸರದ ಕೆಲಸವೆನಿಸಿದರೂ, ನನ್ನ ಅನುಭವದಲ್ಲಿ ಒಳ್ಳೆಯ ತಂತ್ರಜ್ಞರ ಗುರುತು ಸಿಗುವುದು ಅಲ್ಲಿಯೇ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮೂರಿನವರಿಗೆ ಮಾದರಿಗಳನ್ನಿಡುವ ಮೈನಸ್ 80 ಡಿಗ್ರಿಯ ಫ್ರೀಜರಿನ ಅಲಾರಂ ಎಂದರೆ ಎಂಥ ಆತಂಕವೆಂದು ವಿವರಿಸಬೇಕಾಗಿಲ್ಲ.

ಅರ್ಜಿ ಹಾಕುವ ಯೋಚನೆಯಿರುವವರು, ರಕ್ತದ ಮೂಲಕವೂ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ವಿರುದ್ಧದ ಲಸಿಕೆಯನ್ನು ವೈದ್ಯರಲ್ಲಿ ವಿಚಾರಿಸಿ ಈಗಲೇ ಆರಂಭಿಸಬೇಕೆಂದು ಕೋರುತ್ತೇನೆ. ಮೂರು ಡೋಸುಗಳು ಮುಗಿಯಲು ಸಾಮಾನ್ಯವಾಗಿ 6 ತಿಂಗಳು ಹಿಡಿಯುತ್ತದೆ.