ಮೆಟ್ನರನ ಪತ್ರಗಳನ್ನು ಓದಿ ಮುಗಿಸಿದ ಮೇಲೆ

ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರನ ಪತ್ರಗಳ ಸಂಪುಟವನ್ನು ಕಳೆದ ಭಾನುವಾರ ಮಧ್ಯಾಹ್ನ ಕೊನೆಯ ಪುಟದವರೆಗೆ ಓದಿ ಮುಗಿಸಿದೆ. ಝರೂಯಿ ಅಪೆತ್ಯಾನ್ ಅವರು ಸಂಪಾದಿಸಿ, 1973ರಲ್ಲಿ ಮಾಸ್ಕೋದಲ್ಲಿ ಅಚ್ಚಾದ ಈ ದಪ್ಪ ಪುಸ್ತಕ ನನ್ನ ಕೈ ಸೇರಿ ಐದು ವರ್ಷಗಳಾದವು. ನಿವೃತ್ತ ಬ್ಯಾಂಕ್ ಗುಮಾಸ್ತನೊಬ್ಬ ಅರವತ್ತೆರಡನೆಯ ವಯಸ್ಸಿನಲ್ಲಿ ರಷ್ಯನ್ ಅಕ್ಷರ ತಿದ್ದಲು ಕೂತು, ನಡುವೆ ಕಣ್ಣಿನ ಶಸ್ತ್ರಚಿಕಿತ್ಸೆಯೊಂದನ್ನೂ ದಾಟಿ ಇಷ್ಟು ದೂರ ಬಂದನೆಂದರೆ ಅದರಲ್ಲಿ ಅವನ ಸ್ವಂತ ಪಾಲು ಬಹಳ ಕಡಿಮೆ. ಉಳಿದ ಪಾಲು ಯಾರು ಯಾರದೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಮೆಟ್ನರನೇ ಏಕೆ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ: ನಾನು ಮೈಸೂರಿನವನು. 1921ರಲ್ಲಿ ರಷ್ಯ ಬಿಟ್ಟ ಈತ ಜರ್ಮನಿ, ಫ್ರಾನ್ಸ್‌ಗಳಲ್ಲಿ ಅಲೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ. ಎರಡನೆಯ ಮಹಾಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತುಹೋಯಿತು. ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೋ ವಾದಕಿಯ ಕುಟುಂಬದ ಆಶ್ರಯದಲ್ಲಿದ್ದಾಗ, 1942ರಲ್ಲಿ, ಹೃದಯಾಘಾತವಾಯಿತು. ಚೇತರಿಸಿಕೊಂಡು ಬರೆದು ಮುಗಿಸಿದ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು (ವಾದ್ಯವೃಂದದೊಂದಿಗೆ ಪಿಯಾನೋ ನುಡಿಸುವ ದೊಡ್ಡ ಕೃತಿಯನ್ನು) 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ. ಇದಾದ ಮೇಲೆ, ತನ್ನನ್ನು ಜಗತ್ತು ಮರೆತೇಬಿಟ್ಟಿತೆಂದು ಅವನು ತಿಳಿದಿದ್ದ ಹೊತ್ತಿಗೆ, ನಮ್ಮ ಜಯಚಾಮರಾಜ ಒಡೆಯರ್ ಅವರು ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವ ಖರ್ಚನ್ನು ವಹಿಸಿಕೊಂಡರು. ಮೂರೂ ಕನ್ಚೆರ್ಟೋಗಳು 1947ರಲ್ಲಿ ಧ್ವನಿಮುದ್ರಣಗೊಂಡವು. ಮೂರನೆಯದನ್ನು ಅವನು ಮಹಾರಾಜರಿಗೇ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡವನ ಕೈಬೆರಳುಗಳನ್ನು ನಾವು ಇಂದಿಗೂ ಕೇಳುತ್ತೇವೆಂದರೆ ಅದು ಮೈಸೂರಿನ ಋಣ. ಶ್ರೀವಿದ್ಯಾ ಅಂಕಿತದಲ್ಲಿ ಕೀರ್ತನೆಗಳನ್ನು ರಚಿಸಿದ ದೊರೆಯನ್ನು ನಮ್ಮವರು ಬಲ್ಲರು. ಈ ಇನ್ನೊಂದು ಕೆಲಸ ನಮ್ಮ ಬೀದಿಯಲ್ಲೇ ಎಷ್ಟು ಮಂದಿಗೆ ಗೊತ್ತೋ ಕಾಣೆ.

ಮೊದಲ ಕೃತಜ್ಞತೆ ನನ್ನ ರಷ್ಯನ್ ಮೇಷ್ಟ್ರಿಗೆ. ಯೌವನದಲ್ಲಿ ಮಾಸ್ಕೋದಲ್ಲಿ ಓದಿ ಬಂದ ಅವರು ಪ್ರತಿ ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಜಗಲಿಯಲ್ಲಿ ಪಾಠ ಹೇಳಿದರು. ಫೀಸು ಮುಟ್ಟಲಿಲ್ಲ, ತಿಂಗಳಿಗೆ ಅರ್ಧ ಕೆಜಿ ಕಾಫಿಪುಡಿಯನ್ನು ಮಾತ್ರ, ಅದೂ ಚಿಕೋರಿ ಇಲ್ಲದ್ದನ್ನು, ಒಪ್ಪಿಕೊಂಡರು. ಒಂದು ಕಡೆ ಮಾತ್ರ ಅವರು ನನ್ನನ್ನು ಒಂಟಿಯಾಗಿ ಬಿಟ್ಟರು. ಮೆಟ್ನರನ ಪ್ರೀತಿಯ ಅಣ್ಣ ಎಮಿಲಿ. ಆ ಎಮಿಲಿಯ ಹೆಂಡತಿಯಾಗಿದ್ದ ಆನ್ನಾಳನ್ನೇ ನಿಕೊಲಾಯ್ ಪ್ರೀತಿಸಿದ್ದ, ವರ್ಷಗಟ್ಟಲೆ ಕಾದು 1919ರಲ್ಲಿ ಮದುವೆಯಾದ. ಆ ಭಾಗಕ್ಕೆ ಬಂದಾಗ ಮೇಷ್ಟ್ರು ಪುಸ್ತಕ ಮುಚ್ಚಿ, "ಇದು ಇನ್ನೊಬ್ಬರ ಮನೆಯ ವಿಷಯ, ನೀವೇ ಓದಿಕೊಳ್ಳಿ" ಎಂದುಬಿಟ್ಟರು. ಓದಿಕೊಂಡೆ. ಅಣ್ಣತಮ್ಮಂದಿರ ನಡುವಿನ ವಿಶ್ವಾಸ ಅದರಿಂದಲೂ ಮುರಿಯಲಿಲ್ಲವೆಂಬುದನ್ನು ಇಂದಿಗೂ ಪೂರ್ತಿ ನಂಬಲಾಗುತ್ತಿಲ್ಲ.

ಆ ಆನ್ನಾಳಿಗೂ ನಾನು ಋಣಿ. ಗಂಡ ತೀರಿಕೊಂಡ ಮೇಲೆ, 1958ರಲ್ಲಿ, ಅವನ ಹಸ್ತಪ್ರತಿಗಳೊಂದಿಗೆ ಆಕೆ ಮಾಸ್ಕೋಗೆ ಮರಳದಿದ್ದರೆ ಈ ಪತ್ರಸಂಪುಟ ಈ ರೂಪದಲ್ಲಿ ಬರುತ್ತಿತ್ತೇ ಎಂಬುದು ಅನುಮಾನ.

ಎರಡು ವರ್ಷಗಳ ಹಿಂದೆ ನನ್ನ ಬಲಗಣ್ಣಿನ ರೆಟಿನಾ ಕಳಚಿಕೊಂಡಿತು. ಮೊದಲು ತೋರಿಸಿದ ಕಡೆ ವಯಸ್ಸಿನ ತೊಂದರೆಯೆಂದು ಹನಿ ಔಷಧ ಕೊಟ್ಟು ಕಳಿಸಿದ್ದರು. ಎರಡನೆಯ ಕಡೆಯ ವೈದ್ಯರು ನೋಡಿದ ಮರುದಿನವೇ ಶಸ್ತ್ರಚಿಕಿತ್ಸೆ ಮಾಡಿ ದೃಷ್ಟಿ ಉಳಿಸಿದರು. ಅವರ ಕೈಗೆ ನನ್ನ ನಮಸ್ಕಾರ. ಆಮೇಲೆ ಹತ್ತು ದಿನ ಮಕಾಡೆ ಮಲಗಿರಬೇಕಾಯಿತು, ಮೂರು ತಿಂಗಳು ಓದುವಂತಿರಲಿಲ್ಲ. ಆಗ ರಜೆಗೆ ಬಂದಿದ್ದ ಅಣ್ಣನ ಮೊಮ್ಮಗಳು, ದ್ವಿತೀಯ ಪಿಯುಸಿ ಹುಡುಗಿ, "ನಾನು ಓದ್ತೀನಿ ತಾತ, ಅರ್ಥ ನೀವು ಮಾಡ್ಕೊಳ್ಳಿ" ಎಂದಳು. ಮೂವತ್ತಮೂರು ರಷ್ಯನ್ ಅಕ್ಷರಗಳ ಎದುರು ಕನ್ನಡ ಅಕ್ಷರಗಳನ್ನು ಬರೆದು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಳು. ಇಂಗ್ಲಿಷಿನ ಎಚ್‌ನಂತೆ ಕಾಣುವುದು 'ನ', ಪಿಯಂತೆ ಕಾಣುವುದು 'ರ' ಎಂಬುದು ನಾಲಿಗೆಗೆ ಹತ್ತಲು ಅವಳಿಗೆ ಎರಡು ದಿನ ಸಾಕಾಯಿತು. ಮಂಚದ ಪಕ್ಕ ನೆಲದ ಮೇಲೆ ಕೂತು, ಒಂದು ಪದದ ಅರ್ಥವೂ ತಿಳಿಯದೆ, ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಅವಳು ಓದುತ್ತಿದ್ದಳು. ಮುಖವನ್ನು ದಿಂಬಿನ ಸಂದಿಯಲ್ಲಿಟ್ಟು ನಾನು ಕೇಳುತ್ತಿದ್ದೆ.

ಹಾಗೆ ಕೇಳಿದ್ದೇ ಮೆಟ್ನರ್ 1926ರಲ್ಲಿ ತನ್ನ ಗೆಳೆಯ, ರಷ್ಯದ ಇನ್ನೊಬ್ಬ ಸಂಗೀತ ರಚನಕಾರ ರಖ್ಮಾನಿನೋವನಿಗೆ ಬರೆದ ಪತ್ರ. ಮೆಟ್ನರನಿಗೇ ಅರ್ಪಿಸಿದ ತನ್ನ ನಾಲ್ಕನೆಯ ಕನ್ಚೆರ್ಟೋ ತೀರ ಉದ್ದವಾಯಿತೆಂದು ರಖ್ಮಾನಿನೋವ್ ಅಳಲು ತೋಡಿಕೊಂಡಿದ್ದ. ಮೆಟ್ನರ್ ಒಪ್ಪುವುದಿಲ್ಲ: ಉದ್ದದಿಂದ ಬೇಸರ ಹುಟ್ಟುವುದಲ್ಲ, ಬೇಸರದಿಂದಲೇ ಉದ್ದವೆನಿಸುವುದು ಎಂಬ ಅರ್ಥದಲ್ಲಿ ಉತ್ತರಿಸುತ್ತಾನೆ. ನಾನು ನಕ್ಕಿದ್ದು ಕೇಳಿ, ತಪ್ಪು ಓದಿದೆನೇನೋ ಎಂದು ಹುಡುಗಿ ಗಾಬರಿಯಾದಳು. ವಿವರಿಸಿದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಫಿಸಿಕ್ಸ್ ಕ್ಲಾಸಿಗೂ ಇದು ಸರಿಹೋಗುತ್ತೆ" ಎಂದಳು. ರಖ್ಮಾನಿನೋವ್ ಇದ್ದಿದ್ದರೆ ಒಪ್ಪುತ್ತಿದ್ದನೇನೋ; ಆ ಕೃತಿಯನ್ನು ಅವನು ಮುಂದೆ ಮತ್ತೆ ಮತ್ತೆ ಕತ್ತರಿಸಿದ.

ಕೃತಜ್ಞತೆಗೆ ರಷ್ಯನ್ನಿನಲ್ಲಿರುವ ಪದವನ್ನು ಅವಳು 'ಬ್ಲಾಗೊದಾರ್ನೊಸ್ತ್' ಎಂದು ಅಕ್ಷರಕ್ಕಕ್ಷರ ಓದುತ್ತಿದ್ದಳು. ಸರಿಯಾದ ಉಚ್ಚಾರದಲ್ಲಿ ಆ 'ಒ' ಸವೆದು 'ಅ'ದಂತೆ ಕೇಳುತ್ತದೆ; ನಾನು ತಿದ್ದಲಿಲ್ಲ. ಒಳಿತನ್ನು ಕೊಡುವುದು ಎಂಬ ಹೊಂದಿಕೆ ಆ ಪದದಲ್ಲಿದೆ. ನಮ್ಮ ಪದದಲ್ಲಿ ಕೊಡುವ ಮಾತೇ ಇಲ್ಲ, ಮಾಡಿದ್ದನ್ನು ಬಲ್ಲವನು ಕೃತಜ್ಞ, ಅಷ್ಟೆ. ಹುಡುಗಿಗೆ ಹಿಂತಿರುಗಿ ಕೊಡುವಂಥದ್ದು ನನ್ನ ಬಳಿ ಏನೂ ಇಲ್ಲದ್ದರಿಂದ ನಮ್ಮ ಪದವೇ ನನಗೆ ಅನುಕೂಲ.

ಮಾಸ್ಕೋದ ಹಳೆಯ ಪುಸ್ತಕದಂಗಡಿಯಲ್ಲಿ ಹುಡುಕಿ ಈ ಪ್ರತಿಯನ್ನು ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದುಕೊಟ್ಟ ಗೆಳೆಯನ ಮಗನಿಗೂ, ಬಿಚ್ಚಿಹೋದ ಬೆನ್ನನ್ನು ಮೈದಾ ಅಂಟಿನಿಂದ ಮತ್ತೆ ಕಟ್ಟಿಕೊಟ್ಟ ಬೈಂಡರಿಗೂ ನಾನು ಋಣಿ. ಐದು ವರ್ಷ "ನಿಮ್ಮ ಮೆಟ್ನರ್ ಊಟಕ್ಕೆ ಬರ್ತಾರಾ, ನೀವೊಬ್ಬರೇನಾ?" ಎಂದು ಕೇಳುತ್ತಲೇ ತಟ್ಟೆಯನ್ನು ಓದುವ ಮೇಜಿಗೇ ತಂದಿಟ್ಟ ನನ್ನ ಹೆಂಡತಿಗೆ ಎಷ್ಟು ಹೇಳಿದರೂ ಕಡಿಮೆಯೇ. ಬೀರುವಿನ ಬಾಗಿಲಿನ ಅಕ್ಷರಪಟ್ಟಿಯನ್ನು ಸೋಮವಾರ ಕೀಳಲು ಹೋದೆ. ರಖ್ಮಾನಿನೋವನ ಪತ್ರಗಳೂ ರಷ್ಯನ್ನಿನಲ್ಲಿ ಮೂರು ಸಂಪುಟವಿದೆಯೆಂದು ಮೇಷ್ಟ್ರ ಮನೆಯಲ್ಲಿ ಕೇಳಿಸಿಕೊಂಡಿದ್ದ ಹುಡುಗಿ, ಸದ್ಯಕ್ಕೆ ಅದು ಅಲ್ಲೇ ಇರಲಿ ಎಂದಳು.