ಸಾಮುವಿಗೆ: ಇಸ್ರಾಯೇಲಿನ ಬಗ್ಗೆ, ಕಡೇ ದಿನಗಳ ಬಗ್ಗೆ

ಬೆಟಗೇರಿ

ಕರ್ತನಲ್ಲಿ ಪ್ರೀತಿಯ ಸಾಮು,

ನಿನ್ನ ಮೆಸೇಜು ಓದಿದೆ. ಅದರ ಜೊತೆ ಕಳಿಸಿದ ವಿಡಿಯೋಗಳನ್ನೂ ಪೂರ್ತಿ ನೋಡಿದೆ. ಫೋನಿನಲ್ಲಿ ಮಾತಾಡಿದರೆ ಅರ್ಧ ಮಾತು ಬಾಯಲ್ಲೇ ಉಳಿದುಬಿಡುತ್ತೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಶಿಕ್ಷಕರ ನೇಮಕಾತಿಗೆ ನೀನು ಇನ್ನೂ ಅರ್ಜಿ ಹಾಕಿಲ್ಲ ಅಂತ ನಿಮ್ಮಪ್ಪ ಹೇಳಿದ. ಮದುವೆ ಮಾತೂ ಬೇಡ ಅಂದೆಯಂತೆ. ಕೇಳಿದ್ದಕ್ಕೆ "ಇಸ್ರಾಯೇಲ್ ಅಂದರೆ ದೇವರ ಗಡಿಯಾರ, ಮುಳ್ಳು ಹನ್ನೆರಡಕ್ಕೆ ಬಂದಾಗಿದೆ, ಈಗ ಇದೆಲ್ಲ ಯಾಕೆ" ಅಂದೆಯಂತೆ. ಅಪ್ಪ ಅಮ್ಮ ಇಬ್ಬರೂ ಕಂಗಾಲಾಗಿದ್ದಾರೆ.

ಮೊದಲು ಒಂದು ಮಾತು. ದೇವರು ಯೆಹೂದ್ಯರ ಕೈ ಬಿಟ್ಟಿಲ್ಲ ಅಂತ ನೀನು ನಂಬುತ್ತೀಯ. ನಾನೂ ನಂಬುತ್ತೇನೆ. ಸೂರ್ಯ ಚಂದ್ರ ನಕ್ಷತ್ರಗಳ ಕಟ್ಟಳೆ ನಿಂತುಹೋದರೆ ಮಾತ್ರ ಇಸ್ರಾಯೇಲ್ ಒಂದು ಜನಾಂಗವಾಗಿ ಉಳಿಯದೆ ಹೋಗುತ್ತೆ ಅಂತ ಯೆರೆಮೀಯ 31ರಲ್ಲಿದೆ. ಅದನ್ನು ಸುತ್ತಿ ಬಳಸಿ ನಮ್ಮ ಸಭೆಗೆ ಮಾತ್ರ ಅನ್ವಯಿಸಿಕೊಳ್ಳುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ನನ್ನ ತಕರಾರು ಆ ಗಡಿಯಾರದ ಮಾತಿನ ಮೇಲೆ. ಬದುಕಿರುವ ಒಂದು ಜನವನ್ನು ನಾವು ಟೈಮ್ ನೋಡಿಕೊಳ್ಳುವ ಮುಳ್ಳು ಮಾಡಿಕೊಂಡರೆ ಅವರಿಗೂ ಕೇಡು, ನಮಗೂ ಕೇಡು.

ಯೆರೆಮೀಯ 27ರಿಂದ 29ರವರೆಗೆ ಒಂದೇ ಸಲಕ್ಕೆ ಓದು. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಅರಸನನ್ನೂ ಸಾವಿರಾರು ಜನರನ್ನೂ ಬಾಬೆಲಿಗೆ ಹಿಡಿದುಕೊಂಡು ಹೋಗಿದ್ದ. ದೇವಾಲಯದ ಪಾತ್ರೆಗಳೂ ಹೋಗಿದ್ದವು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ನಮ್ಮ ಗತಿ ಏನು? ಆಗ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎದ್ದು ನಿಂತು, ಇನ್ನೆರಡು ವರ್ಷದೊಳಗೆ ಎಲ್ಲರೂ ವಾಪಸ್ ಬರುತ್ತಾರೆ, ಪಾತ್ರೆಗಳೂ ಬರುತ್ತವೆ ಅಂದ. ಜನಕ್ಕೆ ಬೇಕಾಗಿದ್ದು ಅದೇ. ಬಾಬೆಲಿಗೆ ತಲೆಬಾಗಬೇಕು ಅನ್ನುವುದಕ್ಕೆ ಗುರುತಾಗಿ ಯೆರೆಮೀಯ ಆಗ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ತಿರುಗುತ್ತಿದ್ದ. ಹನನ್ಯ ಅದನ್ನು ಕಿತ್ತು ಎಲ್ಲರೆದುರಿಗೆ ಮುರಿದುಹಾಕಿದ.

ಅದಕ್ಕೂ ಮುಂಚೆ ಯೆರೆಮೀಯ ಹನನ್ಯನಿಗೆ ಏನು ಹೇಳಿದ ನೋಡು. ಮೊದಲು "ಆಮೆನ್" ಅಂದ. ನೀನು ಹೇಳಿದ್ದು ಹಾಗೇ ಆಗಲಿ, ಕರ್ತನು ಹಾಗೇ ಮಾಡಲಿ ಅಂದ. ತನ್ನ ಜನ ಬೇಗ ಮನೆಗೆ ಬರಲಿ ಅಂತ ಅವನಿಗೂ ಆಸೆ. ಆದರೆ ಆಸೆಗೆ ದೇವರ ಮೊಹರು ಒತ್ತಲು ಅವನು ಒಪ್ಪಲಿಲ್ಲ. ಹನನ್ಯ ಅದೇ ವರ್ಷ ತೀರಿಕೊಂಡ. ಎರಡು ವರ್ಷ ಆಯಿತು, ಯಾರೂ ಬರಲಿಲ್ಲ.

29ನೇ ಅಧ್ಯಾಯದಲ್ಲಿ ಯೆರೆಮೀಯ ಬಾಬೆಲಿನಲ್ಲಿದ್ದವರಿಗೆ ಬರೆದ ಕಾಗದ ಇದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮದುವೆ ಆಗಿ, ಮಕ್ಕಳಿಗೂ ಮದುವೆ ಮಾಡಿಸಿ. ನೀವಿರುವ ಊರಿಗೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ. ಎಪ್ಪತ್ತು ವರ್ಷ ತುಂಬಿದ ಮೇಲೆ ದೇವರು ನಿಮ್ಮನ್ನು ವಾಪಸ್ ಕರೆತರುತ್ತಾನೆ. ಎಪ್ಪತ್ತು ವರ್ಷ ಅಂದರೆ ಕಾಗದ ಓದಿದ ಹೆಚ್ಚಿನವರು ಅದನ್ನು ಕಣ್ಣಾರೆ ನೋಡುವುದಿಲ್ಲ ಅಂತಲೇ ಅರ್ಥ. ಆದರೂ ಕರ್ತನ ಪ್ರವಾದಿ ಅವರಿಗೆ ಮದುವೆ ಬೇಡ ಅನ್ನಲಿಲ್ಲ, ಕೆಲಸ ಬೇಡ ಅನ್ನಲಿಲ್ಲ.

ಮುಂದೆ 32ನೇ ಅಧ್ಯಾಯ. ಸತ್ಯವೇದದಲ್ಲಿ ನಾನು ಮತ್ತೆ ಮತ್ತೆ ಓದುವ ಭಾಗ ಇದು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುಗಟ್ಟಿದೆ. ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರೋ ನನ್ನ ಹೊಲ ಕೊಂಡುಕೋ ಅಂತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆದು, ಸಾಕ್ಷಿಗಳ ಸಹಿ ಹಾಕಿಸಿ, ಮುಚ್ಚಿ ಮೊಹರು ಒತ್ತಿದ್ದೊಂದು, ತೆರೆದದ್ದೊಂದು, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟ. ಬಹಳ ಕಾಲ ಉಳಿಯಬೇಕು, ಮಣ್ಣಿನ ಗಡಿಗೆಯಲ್ಲಿ ಇಡು ಅಂದ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿ ತೋಟಗಳನ್ನು ಜನ ಮತ್ತೆ ಕೊಳ್ಳುತ್ತಾರೆ ಅನ್ನುವುದು ಪ್ರವಾದನೆ. ಅದನ್ನು ನಂಬಿದವನು ಮಾಡಿದ ಕೆಲಸ ಒಂದು ಖರೀದಿ ಪತ್ರ. ನಿನ್ನ ಅರ್ಜಿ ಫಾರಂ ಬಗ್ಗೆ ನಾನು ಬೇರೆ ಹೇಳಬೇಕಾ?

ಕ್ರಿ.ಪೂ. 539ರಲ್ಲಿ ಪಾರಸಿಯ ಕೋರೆಷ ಬಾಬೆಲನ್ನು ಗೆದ್ದ. ಯೆಹೂದ್ಯರು ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. ಆದರೆ ಎಲ್ಲರೂ ಹೋಗಲಿಲ್ಲ, ಬಹಳ ಜನ ಅಲ್ಲೇ ಉಳಿದರು. ಅವರ ಧರ್ಮಶಾಸ್ತ್ರದ ಚರ್ಚೆಗಳ ದೊಡ್ಡ ಸಂಗ್ರಹ ತಾಲ್ಮುದ್ ರೂಪುಗೊಂಡಿದ್ದು ಆ ಬಾಬೆಲಿನ ನೆಲದಲ್ಲೇ. 1950-51ರಲ್ಲಿ ಅದೇ ನೆಲದ ಇರಾಕಿನಿಂದ ಒಂದು ಲಕ್ಷಕ್ಕೂ ಜಾಸ್ತಿ ಯೆಹೂದ್ಯರು ವಿಮಾನದಲ್ಲಿ ಇಸ್ರೇಲಿಗೆ ಹೋದರು. ಸುಮಾರು ಎರಡೂವರೆ ಸಾವಿರ ವರ್ಷದ ಬದುಕು ಅದು. ನಿನ್ನ ವಿಡಿಯೋದ ಚಾರ್ಟಿನಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ರೋಮಿನವರು ದೇವಾಲಯ ಕೆಡವಿದ ಕ್ರಿಸ್ತ ಶಕ 70ರಿಂದ ಸೀದಾ 1948ಕ್ಕೆ ಒಂದು ಗೆರೆ ಎಳೆದುಬಿಟ್ಟಿದ್ದಾರೆ. ಆ ನಡುವೆ ಅವರು ಉಂಡದ್ದು, ಅತ್ತದ್ದು, ಮಕ್ಕಳಿಗೆ ಅಕ್ಷರ ಕಲಿಸಿದ್ದು ಯಾರಿಗೂ ಬೇಕಿಲ್ಲ.

ಯೆಹೆಜ್ಕೇಲ 37ರ, ಒಣ ಎಲುಬುಗಳಿಗೆ ಜೀವ ಬರುವ ದರ್ಶನ 1948ರಲ್ಲಿ ನೆರವೇರಿತು ಅಂತ ಬರೆದಿದ್ದೀಯ. ಇಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. 60 ಲಕ್ಷ ಯೆಹೂದ್ಯರನ್ನು ಕೊಂದ ಯುದ್ಧ ಮುಗಿದು ಮೂರೇ ವರ್ಷಕ್ಕೆ, ಮೇ 14ರಂದು, ಟೆಲ್ ಅವೀವಿನಲ್ಲಿ ಅವರ ಮುಖಂಡ ಬೆನ್ ಗುರಿಯೊನ್ ರಾಜ್ಯ ಘೋಷಣೆ ಮಾಡಿದರು. ಅದನ್ನು ಓದುವಾಗ ಈಗಲೂ ನನ್ನ ಮೈ ನಡುಗುತ್ತೆ. ಇನ್ನೊಂದು ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ. ಮೃತ ಸಮುದ್ರದ ಪಕ್ಕದ ಮಸಾಡ ಕೋಟೆಯಲ್ಲಿ ಯೆಹೂದ್ಯರು ರೋಮಿನ ಸೈನ್ಯದ ಎದುರು ಕೊನೆಯವರೆಗೂ ನಿಂತರು. 1960ರ ದಶಕದಲ್ಲಿ ಅಲ್ಲಿ ಅಗೆದಾಗ ಸಿನಗಾಗಿನ, ಅಂದರೆ ಅವರ ಪ್ರಾರ್ಥನಾ ಮಂದಿರದ, ನೆಲದಡಿಯ ಗುಂಡಿಯೊಂದರಲ್ಲಿ ಚರ್ಮದ ಸುರುಳಿಯ ಚೂರುಗಳು ಸಿಕ್ಕವು. ಯೆಹೆಜ್ಕೇಲನ ಪುಸ್ತಕ. ಅದರಲ್ಲೂ ಈ 37ನೇ ಅಧ್ಯಾಯ! ನಮ್ಮ ಎಲುಬು ಒಣಗಿತು, ನಮ್ಮ ನಿರೀಕ್ಷೆ ಹೋಯಿತು ಅನ್ನುವ ಮಾತು ಅಲ್ಲೇ ಬರುತ್ತೆ. ನಮ್ಮ ನಿರೀಕ್ಷೆ ಇನ್ನೂ ಹೋಗಿಲ್ಲ ಅಂತ ಇಸ್ರೇಲಿನ ರಾಷ್ಟ್ರಗೀತೆ ಇವತ್ತು ಹಾಡುತ್ತೆ.

ಹಾಗಾದರೆ ಎಲ್ಲ ಇತ್ಯರ್ಥ ಆಯಿತಾ? ಯೆಹೂದ್ಯರನ್ನೇ ಕೇಳು. ಅವರ ಧರ್ಮಗುರುಗಳಲ್ಲಿ, ಅಂದರೆ ರಬ್ಬಿಗಳಲ್ಲಿ, ಅಬ್ರಹಾಂ ಐಸಾಕ್ ಕೂಕ್ ಅವರಂಥವರು, ಜನ ಊರಿಗೆ ಮರಳುತ್ತಿರುವುದೇ ಬಿಡುಗಡೆಯ ಆರಂಭ ಅಂದರು. ಸಾತ್ಮಾರ್ ಪಂಗಡದ ರಬ್ಬಿ ಯೋಯೆಲ್ ಟೈಟೆಲ್‌ಬಾಮ್, ದೇವರು ಕಳಿಸುವ ರಕ್ಷಕ ಮೆಸ್ಸೀಯ ಬರುವ ಮುಂಚೆ ರಾಜ್ಯ ಕಟ್ಟುವುದೇ ಪಾಪ ಅಂದರು. ಇಬ್ಬರೂ ತೋರಾದಲ್ಲಿ, ಅಂದರೆ ಮೋಶೆಯ ಧರ್ಮಶಾಸ್ತ್ರದಲ್ಲಿ, ಮುಳುಗಿದವರು. ಅವರ ಗ್ರಂಥವನ್ನು ಅವರೇ ಇಷ್ಟು ಎಚ್ಚರದಿಂದ ಓದುವಾಗ, ಇಪ್ಪತ್ತು ನಿಮಿಷದ ವಿಡಿಯೋ ಮಾಡಿದವನಿಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು?

ಲೆಕ್ಕ ಹಾಕಿ ಕೆಟ್ಟವರು ಎರಡೂ ಕಡೆ ಇದ್ದಾರೆ. 132ರಲ್ಲಿ ಬಾರ್ ಕೊಖ್ಬ ರೋಮಿನ ವಿರುದ್ಧ ಎದ್ದಾಗ ರಬ್ಬಿ ಅಕೀವನಂಥ ದೊಡ್ಡವನೇ ಇವನೇ ಮೆಸ್ಸೀಯ ಅಂದುಬಿಟ್ಟ. ಮೂರೇ ವರ್ಷದಲ್ಲಿ ಎಲ್ಲ ಮುಗಿಯಿತು. ಯೆಹೂದ್ಯರು ಯೆರೂಸಲೇಮಿಗೆ ಕಾಲಿಡುವ ಹಾಗೂ ಇರಲಿಲ್ಲ. 1665ರಲ್ಲಿ ನಾನೇ ಮೆಸ್ಸೀಯ ಅಂತ ಸಬ್ಬತಾಯ್ ಝೆವಿ ಎದ್ದ. ಎಷ್ಟೋ ಜನ ಆಸ್ತಿ ಮಾರಿ ಗಂಟು ಕಟ್ಟಿಕೊಂಡು ಕೂತರು. ಮರುವರ್ಷ ತುರ್ಕಿಯ ಸುಲ್ತಾನನ ಎದುರು ಅವನು ಮತವನ್ನೇ ಬದಲಿಸಿಬಿಟ್ಟ. ಅಂತ್ಯದ ಲೆಕ್ಕ ಹಾಕುವವರಿಗೆ ತಾಲ್ಮುದಿನಲ್ಲಿ ಶಾಪವೇ ಇದೆ. ನಮ್ಮ ಕಡೆ, ಕ್ರಿಸ್ತನು ಬರುವ ದಿನ 1844ರ ಅಕ್ಟೋಬರ್ 22 ಅಂತ ವಿಲಿಯಂ ಮಿಲ್ಲರನ ಹಿಂದೆ ಹೋದವರು ಅಮೆರಿಕದಲ್ಲಿ ರಾತ್ರಿಯಿಡೀ ಕಾದರು. ಯೇಸುಸ್ವಾಮಿ ಸಾಮ್ಯದಲ್ಲಿ ಹೇಳಿದ ಅಂಜೂರದ ಮರ ಅಂದರೆ ಇಸ್ರಾಯೇಲ್, ಒಂದು ತಲೆಮಾರು ಅಂದರೆ 40 ವರ್ಷ, 1948ಕ್ಕೆ ಕೂಡಿಸಿದರೆ 1988 ಅಂದವರೂ ಇದ್ದರು. 1988 ಬಂತು, ಹೋಯಿತು. ಆಮೇಲೆ ತಲೆಮಾರನ್ನೇ ಉದ್ದ ಮಾಡಿದರು. ಯೇಸುಸ್ವಾಮಿಯನ್ನು ಶಿಷ್ಯರು ಇದನ್ನೇ ನೇರವಾಗಿ ಕೇಳಿದರಲ್ವಾ, ಇಸ್ರಾಯೇಲಿಗೆ ರಾಜ್ಯವನ್ನು ಈಗ ತಿರುಗಿ ಕೊಡುತ್ತೀಯಾ ಅಂತ? ಆಗುವುದಿಲ್ಲ ಅಂತ ಅವನು ಹೇಳಲಿಲ್ಲ. ಕಾಲ, ಸಮಯ ತಿಳಿಯುವುದು ನಿಮ್ಮ ಕೆಲಸವಲ್ಲ ಅಂದ. ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯ.

ಕೆಂಪು ಹಸುವಿನ ವಿಷಯವನ್ನು ನೀನು ಎರಡು ಸಲ ಕೇಳಿದ್ದೀಯ. 2022ರಲ್ಲಿ ಟೆಕ್ಸಸಿನಿಂದ ಐದು ಕೆಂಪು ಕಡಸುಗಳನ್ನು ಇಸ್ರೇಲಿಗೆ ತಂದಿದ್ದು ನಿಜ. ದೇವಾಲಯದ ಸೇವೆ ಮತ್ತೆ ಶುರುವಾಗಲು ಅರಣ್ಯಕಾಂಡ 19ರ ಶುದ್ಧಿಯ ಬೂದಿ ಬೇಕು ಅನ್ನುತ್ತಾರೆ, ಆ ಬೂದಿಗೆ ಅಂಥ ಕಡಸು ಬೇಕು. ಒಂದೇ ಬುಡದಿಂದ ಬೇರೆ ಬಣ್ಣದ ಎರಡು ಕೂದಲು ಹುಟ್ಟಿದ್ದರೂ ಆ ಕಡಸು ಆಗದು ಅಂತ ಅವರ ಹಳೆಯ ನಿಯಮಗಳ ಗ್ರಂಥ ಮಿಷ್ನಾದಲ್ಲಿದೆ. ಇದನ್ನು ಭಕ್ತಿಯಿಂದ ಕಾಯುವ ಯೆಹೂದ್ಯರಿದ್ದಾರೆ. ಅದೇ ವೇಳೆ, ಯೆರೂಸಲೇಮಿನಲ್ಲಿ ಹಳೆಯ ದೇವಾಲಯವಿದ್ದ ಬೆಟ್ಟದ ಬಾಗಿಲಲ್ಲಿ, ಜಾಗದ ಪವಿತ್ರತೆಯ ಕಾರಣ ಒಳಗೆ ಹೋಗುವುದು ತೋರಾ ಪ್ರಕಾರ ನಿಷಿದ್ಧ ಅಂತ ಇಸ್ರೇಲಿನ ಮುಖ್ಯ ರಬ್ಬಿಗಳ ಹೆಸರಲ್ಲೇ ಬೋರ್ಡ್ ಇದೆ. ಅಲ್ಲಿ ಮುಸಲ್ಮಾನರ ಮಸೀದಿಯೂ ಇದೆ, ಒಂದು ಕಿಡಿ ಬಿದ್ದರೆ ಎಷ್ಟು ಜೀವ ಹೋಗುತ್ತವೋ. ನಾವು ಇಲ್ಲಿ ಕೂತು "ಬೇಗ ಆಗಲಿ" ಅಂತ ಚಪ್ಪಾಳೆ ತಟ್ಟುವುದು ನನಗೆ ಸಹಿಸೋಕೆ ಆಗಲ್ಲ.

ನೀನು ಕಳಿಸಿದ ಎರಡನೇ ವಿಡಿಯೋದಲ್ಲಿ ಆ ಬೋಧಕರು ಜೆಕರ್ಯ 13 ಓದಿ, ಯೆಹೂದ್ಯರಲ್ಲಿ ಮೂರರಲ್ಲಿ ಎರಡು ಪಾಲು ಸಾಯುತ್ತಾರೆ ಅಂತ ನಗುಮುಖದಲ್ಲೇ ಹೇಳಿದರು. ಹಿಂದೆ ಮ್ಯೂಸಿಕ್ ಬೇರೆ. ಸಾಮು, ಇವತ್ತು ಲೋಕದಲ್ಲಿ ಯೆಹೂದ್ಯರು ಸುಮಾರು ಒಂದೂವರೆ ಕೋಟಿ. ಅವರಲ್ಲಿ ಕೋಟಿ ಜನ ಸಾಯುವುದನ್ನು ಒಬ್ಬ ದೇವರ ಸೇವಕ ಒಳ್ಳೇ ಸುದ್ದಿಯ ಹಾಗೆ ಹೇಳಬಹುದಾ? ಇದೇ ಜನರನ್ನು ನೆನೆದು ಪೌಲನು ರೋಮಾಪುರದವರಿಗೆ 9ರಲ್ಲಿ, ಅವರಿಗೋಸ್ಕರ ನಾನೇ ಕ್ರಿಸ್ತನಿಂದ ದೂರವಾಗಿ ಶಾಪಗ್ರಸ್ತನಾದರೂ ಆಗಲಿ ಅಂತ ಬರೆದ. 11ರಲ್ಲಿ ಕಾಡು ಎಣ್ಣೆಮರದ ಕೊಂಬೆಗಳಾದ, ಅಂದರೆ ಯೆಹೂದ್ಯರಲ್ಲದ ನಮಗೆ, ಊರಮರದ ಕೊಂಬೆಗಳಾದ ಅವರ ಮೇಲೆ ಹೆಚ್ಚಳಪಡಬೇಡಿ, ಬೇರು ನಿಮ್ಮನ್ನು ಹೊತ್ತಿದೆ ಅಂತ ಎಚ್ಚರಿಸಿದ. ಇಸ್ರಾಯೇಲೆಲ್ಲ ರಕ್ಷಣೆ ಹೊಂದುತ್ತೆ ಅಂತಲೂ ಬರೆದ. ಇಂಥ ದಿನ, ಇಂಥ ವರ್ಷ ಅಂತ ಲೆಕ್ಕ ಹಾಕಲು ಹೋಗದೆ, ದೇವರ ಜ್ಞಾನ ಎಷ್ಟು ಆಳ ಅಂತ ಸ್ತೋತ್ರ ಮಾಡಿ ನಿಲ್ಲಿಸಿದ. ಯೆಹೂದ್ಯರ ಭವಿಷ್ಯದ ಬಗ್ಗೆ ಪೌಲ ನಿಲ್ಲಿಸಿದ ಕಡೆ ನಾನೂ ನಿಲ್ಲಿಸುತ್ತೇನೆ.

ಆ ಎಚ್ಚರಿಕೆ ಮರೆತರೆ ಏನಾಗುತ್ತೆ ಅಂತ ನಮ್ಮ ಮನೆತನದ ನಂಬಿಕೆಯ ಇತಿಹಾಸದಲ್ಲೇ ಇದೆ. ನಮಗೆ ಸುವಾರ್ತೆ ತಂದ ಬಾಸೆಲ್ ಮಿಶನ್‌ನವರಲ್ಲಿ ಬಹಳ ಮಂದಿ ಜರ್ಮನಿಯವರು, ಲೂಥರನ ಸುಧಾರಣೆಯಲ್ಲಿ ಬೆಳೆದವರು. ಆ ಲೂಥರ್ 1523ರಲ್ಲಿ ಯೆಹೂದ್ಯರ ಬಗ್ಗೆ ಪ್ರೀತಿಯಿಂದ ಬರೆದ. ಸುವಾರ್ತೆ ಈಗ ಶುದ್ಧವಾಗಿದೆ, ಅವರು ಬಂದೇ ಬರುತ್ತಾರೆ ಅಂತ ಕಾದ. ಅವರು ಬರಲಿಲ್ಲ. 1543ರಲ್ಲಿ ಅದೇ ಕೈ, ಅವರ ಸಿನಗಾಗುಗಳನ್ನು ಸುಡಿ, ಮನೆ ಕೆಡವಿ, ಪ್ರಾರ್ಥನೆಯ ಪುಸ್ತಕ ಕಿತ್ತುಕೊಳ್ಳಿ ಅಂತ ಬರೆಯಿತು. ನಾಲ್ಕು ನೂರು ವರ್ಷ ಕಳೆದ ಮೇಲೆ ನಾಜಿಗಳು ಅದನ್ನು ಎತ್ತಿ ತೋರಿಸಿದರು. 1984ರಲ್ಲಿ ಲೂಥರನ್ ಸಭೆಗಳ ವಿಶ್ವ ಒಕ್ಕೂಟ ಆ ಮಾತುಗಳನ್ನು ತಿರಸ್ಕರಿಸಿತು, ಒಳ್ಳೆಯದಾಯಿತು. ಯೆಹೂದ್ಯರು ನಮ್ಮ ಲೆಕ್ಕದ ಪ್ರಕಾರ ನಡೆಯಲಿ ಅನ್ನುವ ಷರತ್ತಿನ ಪ್ರೀತಿ ಎಷ್ಟು ಬೇಗ ದ್ವೇಷವಾಗುತ್ತೆ ನೋಡು. ಗಡಿಯಾರದ ಮಾತು ಕೇಳಿದಾಗ ನನಗೆ ಭಯ ಆಗುವುದು ಇದಕ್ಕೇ.

ಇನ್ನೊಂದು ಕಡೆಯೂ ಇದೆ, ನಿನ್ನ ಮೆಸೇಜಿನಲ್ಲಿ ಅವರ ಸುದ್ದಿಯೇ ಇಲ್ಲ. 1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಅವರಲ್ಲಿ ಬೆತ್ಲೆಹೇಮ್, ನಜರೇತಿನ ಸುತ್ತಮುತ್ತ ನಮಗಿಂತ ಎಷ್ಟೋ ಹಿಂದಿನಿಂದ ಯೇಸುವಿನ ಹೆಸರು ಹಿಡಿದು ಬಂದ ಕ್ರೈಸ್ತ ಕುಟುಂಬಗಳ ಬಳಗವೂ ಇದೆ. ಯೆಹೆಜ್ಕೇಲ 37 ನಿನಗೆ ಬಾಯಿಪಾಠ ಇದೆ, 47ರ ಕೊನೆ ಓದಿದ್ದೀಯಾ? ಬರಲಿರುವ ದಿನಗಳಲ್ಲಿ ದೇಶವನ್ನು ಕುಲಗಳಿಗೆ ಹಂಚುವ ದರ್ಶನ ಅದು. ನಿಮ್ಮ ನಡುವೆ ಮಕ್ಕಳನ್ನು ಪಡೆದು ನೆಲೆಸಿದ ಪರದೇಶಿಗಳಿಗೂ ಸ್ವದೇಶದವರಿಗೆ ಕೊಟ್ಟ ಹಾಗೇ ಪಾಲು ಕೊಡಿ ಅಂತ ಅಲ್ಲಿದೆ. ಪ್ರವಾದನೆ ಹೇಳುವವರು ಇದನ್ನು ಯಾಕೆ ಓದುವುದಿಲ್ಲವೋ.

ಈಗ ಮಾಡಬೇಕಾದ್ದು. ಅರ್ಜಿ ಹಾಕಲು ಇನ್ನೂ ಟೈಮ್ ಇದೆ ಅಂತ ನಿಮ್ಮಪ್ಪ ಹೇಳಿದ, ಈ ವಾರವೇ ಹಾಕು. ಮದುವೆಯದು ನಿನ್ನಿಷ್ಟ, ಒತ್ತಾಯ ಬೇಡ ಅಂತ ಅವರಿಗೆ ನಾನು ಹೇಳುತ್ತೇನೆ. ಆದರೆ ಬೇಡ ಅನ್ನೋಕೆ ಕಡೇ ದಿನಗಳನ್ನು ನೆಪ ಮಾಡಬೇಡ. "ಮರಳುವಿಕೆಯ ನಿಧಿ" ಅಂತ ಆ ಚಾನೆಲ್‌ನವರು ಕೇಳಿದ ಹಣ ಕಳಿಸಬೇಡ, ಅದು ಯಾರ ಕೈ ಸೇರುತ್ತೆ ಅಂತ ನಿನಗೂ ಗೊತ್ತಿಲ್ಲ. ಯೂತ್ ಮೀಟಿಂಗಿನಲ್ಲಿ ಮಾತಾಡುವ ಸರದಿ ನಿನ್ನದಂತೆ. ಚಾರ್ಟು ಬಿಟ್ಟು ರೋಮಾಪುರದವರಿಗೆ 9, 10, 11 ಪೂರ್ತಿ ಓದಿಸು, ಬಿಡಿ ವಚನ ಬೇಡ. ಓದಿದ ಮೇಲೆ ಯೆರೂಸಲೇಮಿನ ಸಮಾಧಾನಕ್ಕಾಗಿ ಎಲ್ಲರೂ ಪ್ರಾರ್ಥನೆ ಮಾಡಿ, ಅಲ್ಲಿರುವ ಯೆಹೂದ್ಯರಿಗೋಸ್ಕರ, ಅರಬರಿಗೋಸ್ಕರ.

ದಾನಿಯೇಲನ ಎಪ್ಪತ್ತು ವಾರಗಳ ಬಗ್ಗೆ ಕೇಳಿದ್ದೆ. ಅದು ಕಾಗದದಲ್ಲಿ ಮುಗಿಯುವುದಲ್ಲ. ಕ್ರಿಸ್‌ಮಸ್ ರಜೆಗೆ ಬಂದಾಗ ಇಬ್ಬರೂ ಕೂತು ವಚನ ವಚನ ಓದೋಣ. ನಿನ್ನ ನೋಟ್ ಪುಸ್ತಕ ತಗೊಂಡು ಬಾ. ದೊಡ್ಡಮ್ಮ ನಿನ್ನನ್ನು ಕೇಳಿದ್ದಾಳೆ.

ನಿನ್ನ ದೊಡ್ಡಪ್ಪ